ಕಿತ್ತ ಸಸಿ, ನೆಟ್ಟ ಸಸಿ: ಕರ್ನಾಟಕದ ಉಗ್ರ ಪರಿಸರ ಹೋರಾಟಗಳು, ಸರ್ಕಾರ ಮತ್ತು ಜನ

ಕರ್ನಾಟಕದ ಪರಿಸರ ಚಳವಳಿಯ ಚರಿತ್ರೆ ಸಾಮಾನ್ಯವಾಗಿ ಅಪ್ಪಿಕೋದಿಂದ ಆರಂಭವಾಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತದ್ದು ನಾಡಿಗೆಲ್ಲ ಗೊತ್ತು. ಅದಕ್ಕೂ ಒಂದು ತಿಂಗಳು ಮೊದಲು ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ, ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿ ಬಂಧನಕ್ಕೊಳಗಾಗಿದ್ದರು. ಮರ ತಬ್ಬಿದವರ ನೆನಪು ಉಳಿಯಿತು, ಸಸಿ ಕಿತ್ತವರದು ಮಾಸಿತು. ಕಾನೂನು ಮುರಿದು, ಆಸ್ತಿಗೆ ಕೈಹಚ್ಚಿ ನಡೆದ ಈ ಎರಡನೆಯ ಧಾರೆಯನ್ನು ಸರ್ಕಾರವೂ ಜನರೂ ಹೇಗೆ ಕಂಡರು ಎಂಬುದೇ ಈ ಲೇಖನದ ವಿಷಯ.

ತುಮಕೂರಿನ ಸಿಟ್ಟಿಗೆ ಹಿನ್ನೆಲೆಯಿತ್ತು. ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಸೌದೆ, ಮೇವು ಒದಗಿಸುವ ಮಾತಾಡುತ್ತಿತ್ತು. ನೆಟ್ಟದ್ದು ಮಾತ್ರ ದನ ಮೂಸದ ನೀಲಗಿರಿ. ರಾಗಿ ಬೆಳೆಯುವ ಹೊಲಗಳು ತೋಪುಗಳಾಗುತ್ತಿವೆ, ಕೂಲಿ ತಪ್ಪುತ್ತಿದೆ ಎಂಬ ಎಚ್ಚರಿಕೆ ಕೋಲಾರ ಜಿಲ್ಲೆಯನ್ನು ಕುರಿತ 1981ರ ಅಧ್ಯಯನದಲ್ಲೇ ಇತ್ತು. ಆದರೆ ಬಯಲುಸೀಮೆಯಲ್ಲಿ ನೀಲಗಿರಿಯನ್ನು ತಾವೇ ಬೆಳೆದು ಕಾಸು ಕಂಡ ರೈತರೂ ಇದ್ದರು. ಕಿತ್ತವರೂ ರೈತರು, ನೆಟ್ಟವರೂ ರೈತರು. ಹಾಗಾಗಿ ಅಲ್ಲಿ ಹೋರಾಟ ಊರನ್ನೇ ಎರಡಾಗಿಸಿತು.

ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನ ಸ್ಥಿತಿ ಬೇರೆ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿತು. ಶೇ 51 ಪಾಲು ಸರ್ಕಾರದ್ದು, ಶೇ 49 ಕಾರ್ಖಾನೆಯದು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ 'ಸಿ ಮತ್ತು ಡಿ' ದರ್ಜೆಯ ಭೂಮಿಯಲ್ಲಿ ತಿರುಳಿಗೆ ಬೇಕಾದ ನೀಲಗಿರಿ ಬೆಳೆಸುವುದು ಯೋಜನೆ. ಕಡತದಲ್ಲಿ ಅದು ಪಾಳು ಭೂಮಿ. ಊರವರಿಗೆ ಅದು ದನ ಮೇಯುವ, ಸೌದೆ ಸಿಗುವ, ನೇಗಿಲಿಗೆ ಮರ ಸಿಗುವ ಜಾಗ. ಭೂಮಿಹೀನರಿಗಂತೂ ಅದೊಂದೇ ಆಸರೆ. ಅದೇ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆಗಲೇ ದನಿಯೆತ್ತಿತ್ತು. ನದಿಯ ಜಗಳ ಈಗ ಹುಲ್ಲುಗಾವಲಿಗೂ ಹಬ್ಬಿತು.

ಹೋರಾಟಗಾರರು ಇಲ್ಲಿ ಹಿಡಿದ ದಾರಿಯನ್ನು ಗಮನಿಸಬೇಕು. ಮೊದಲು ಹಳ್ಳಿಹಳ್ಳಿಗಳಿಂದ ಮುಖ್ಯಮಂತ್ರಿಗೆ ಪತ್ರಗಳು ಹೋದವು. ಬಳಿಕ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಭೂಮಿ ಹಸ್ತಾಂತರಕ್ಕೆ ತಡೆ ನೀಡಿತು. ಗುದ್ದಲಿ ಹಿಡಿದದ್ದು ಅದಾದ ಮೇಲೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2,000 ಜನ ಸೇರಿ, ವಾದ್ಯ ಬಾರಿಸುತ್ತ, ಘೋಷಣೆ ಕೂಗುತ್ತ ಕಂಪನಿಯ ನೆಡುತೋಪಿಗೆ ಹೋದರು. ಕಿತ್ತದ್ದು ನೂರರಷ್ಟು ಸಸಿ. ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿ, ನೀರೆರೆದು ಸಾಕುವ ಪ್ರತಿಜ್ಞೆ ಮಾಡಿ ಮರಳಿದರು. ಇದೇ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ.

ಇಷ್ಟು ದೊಡ್ಡ ಯೋಜನೆಗೆ ನೂರು ಸಸಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆ ದಿನ ಕುಸನೂರಿನವರು ಸರ್ಕಾರದ ಮುಂದೆ ಕಠಿಣವಾದ ಪ್ರಶ್ನೆಯಿಟ್ಟರು: ಈ ನೆಲದಲ್ಲಿ ಏನು ಬೆಳೆಯಬೇಕೆಂದು ಹೇಳುವವರು ಯಾರು? ಪತ್ರಿಕೆಗಳು ಬರೆದವು, ಆಳುವ ಪಕ್ಷದ ಕೆಲವು ಶಾಸಕರೂ ಯೋಜನೆ ಬೇಡವೆಂದರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು. ಬರಿಯ ಮೊಕದ್ದಮೆಯಿಂದ ಅಥವಾ ಬರಿಯ ಕೀಳುವಿಕೆಯಿಂದ ಈ ಗೆಲುವು ಬರುತ್ತಿರಲಿಲ್ಲ ಎಂಬುದು ನನ್ನ ನಿಲುವು.

1990ರ ದಶಕದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಇನ್ನೂ ಉಗ್ರವಾದ ಹಾದಿ ತುಳಿಯಿತು. 1992ರ ಡಿಸೆಂಬರಿನಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಯ ಕಡತಗಳು ಬೆಂಕಿಗೆ ಬಿದ್ದವು. 1993ರಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಬೀಜ ಘಟಕದ ಕಟ್ಟಡ ಉರುಳಿತು. 1998ರ ನವೆಂಬರ್ 28ರಂದು ಸಿಂಧನೂರು ತಾಲ್ಲೂಕಿನ ಮಲದಕಲ್‌ನಲ್ಲಿ ಕುಲಾಂತರಿ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟರು. ಹೊಲದ ಒಡೆಯರ ಒಪ್ಪಿಗೆ ಪಡೆದೇ ಸುಟ್ಟರು, ಪರಿಹಾರದ ಭರವಸೆಯನ್ನೂ ಕೊಟ್ಟರು ಎಂಬುದನ್ನು ಮರೆಯುವಂತಿಲ್ಲ. ಜೀವಕ್ಕೆ ನೋವಾಗದ ಆಸ್ತಿನಾಶ ಹಿಂಸೆಯಲ್ಲ ಎಂಬುದು ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ವಾದ. ಆ ಬೆಂಕಿಯಿಂದ ಗೋಪ್ಯ ಪ್ರಯೋಗಗಳು ಬಯಲಿಗೆ ಬಂದವು. ಆದರೂ 2002ರ ಮಾರ್ಚ್‌ನಲ್ಲಿ ಕೇಂದ್ರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು, ಕಾಯಿಕೊರಕದಿಂದ ಕಂಗೆಟ್ಟಿದ್ದ ರೈತರೇ ಆ ಬೀಜ ಕೊಂಡರು. ಸುಟ್ಟ ಹೊಲದಲ್ಲಿ ಮುಂದೇನು ಬಿತ್ತಬೇಕೆಂಬ ಪ್ರಶ್ನೆಗೆ ಹತ್ತಿ ಬೆಳೆಗಾರರು ಒಪ್ಪುವ ಉತ್ತರವನ್ನು ಚಳವಳಿ ಕೊಡಲಾಗಲಿಲ್ಲ.

ಮಲದಕಲ್‌ನಲ್ಲಿ ಬೆಳೆ ಸುಟ್ಟ 1998ರಲ್ಲೇ, ಅಕ್ಟೋಬರಿನಲ್ಲಿ, ಅಮೆರಿಕದ ಕೊಲೊರಾಡೊದ ವೇಲ್ ಎಂಬಲ್ಲಿ, ಕಾಡುಬೆಕ್ಕಿನ ನೆಲೆ ಉಳಿಸುವ ಹೆಸರಿನಲ್ಲಿ, ಅರ್ಥ್ ಲಿಬರೇಷನ್ ಫ್ರಂಟ್‌ನವರು ಹಿಮಜಾರಾಟದ ಕೇಂದ್ರಕ್ಕೆ ಬೆಂಕಿಯಿಟ್ಟರು. ನಷ್ಟ ಸುಮಾರು 1.2 ಕೋಟಿ ಡಾಲರ್. ಅವರು ಗುಟ್ಟಾಗಿ, ರಾತ್ರಿ ಬಂದವರು. ಜನರ ಬೆಂಬಲ ಸಿಗಲಿಲ್ಲ. ಆ ಗುಂಪಿನ ಕೆಲವರಿಗೆ 2007ರಲ್ಲಿ ಭಯೋತ್ಪಾದನೆಯ ಕಾರಣ ಕೊಟ್ಟು ಹೆಚ್ಚಿನ ಶಿಕ್ಷೆ ವಿಧಿಸಲಾಯಿತು. ನಮ್ಮ ರೈತರು ಹಗಲಿನಲ್ಲಿ, ಪತ್ರಕರ್ತರನ್ನು ಕರೆದು, ಮುಖ ತೋರಿಸಿ ಕಿತ್ತರು. ಆ ದಿನಗಳ ಸರ್ಕಾರಗಳು ಅದನ್ನು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ಕಂಡವೇ ಹೊರತು ದೇಶದ್ರೋಹವಾಗಿ ಕಾಣಲಿಲ್ಲ.

ಈ ಸಹನೆ ಈಗ ಉಳಿದಿಲ್ಲ. ಕೃಷಿ ಕಾಯ್ದೆಗಳ ವಿರುದ್ಧದ ರೈತ ಚಳವಳಿಗೆ ಬೆಂಬಲ ಕೋರುವ 'ಟೂಲ್‌ಕಿಟ್' ಎಂಬ ಆನ್‌ಲೈನ್ ಕಡತವನ್ನು ತಿದ್ದಿದ ಆರೋಪದ ಮೇಲೆ ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು 2021ರ ಫೆಬ್ರವರಿ 13ರಂದು ರಾಜದ್ರೋಹದ ಪ್ರಕರಣದಲ್ಲಿ ಬಂಧಿಸಲಾಯಿತು. ಹತ್ತು ದಿನಗಳ ಬಳಿಕ ದೆಹಲಿಯ ನ್ಯಾಯಾಲಯ ಜಾಮೀನು ನೀಡಿತು. ಒಂದು ಸಸಿಯನ್ನೂ ಕೀಳದವರ ಮೇಲೆ ಬಿದ್ದ ಈ ಆರೋಪ ಕಟ್ಟಡ ಕೆಡವಿದವರ ಮೇಲೂ ಬಿದ್ದಿರಲಿಲ್ಲ. ಇದು ಅನ್ಯಾಯ.

ಇತ್ತ 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಕೊಟ್ಟ ಕಾರಣ ಅಂತರ್ಜಲದ ಕುಸಿತ. ತುಮಕೂರಿನ ರೈತರು ಬಂಧನಕ್ಕೊಳಗಾಗಿ 34 ವರ್ಷ ಕಳೆದಿತ್ತು. ಆ ಕಾಲದ ಕರಪತ್ರ, ಸಭೆಯ ನಡಾವಳಿ, ಠಾಣೆಯ ಕಾಗದಗಳು ಯಾರ ಮನೆಯಲ್ಲಾದರೂ ಇದ್ದರೆ ಹತ್ತಿರದ ವಿಶ್ವವಿದ್ಯಾಲಯಕ್ಕೆ ಕೊಡಿ. ಅಂದು ಸಸಿ ಕಿತ್ತವರು ಈಗ ವಯಸ್ಸಾದವರು; ಅವರ ಮಾತನ್ನು ಬರೆದಿಡುವ ಕೆಲಸವೂ ಬೇಗ ಆಗಬೇಕು.