ಸಂವೇದನೆ ಕುಂದಿದ ಮಕ್ಕಳ ಚರ್ಮರಕ್ಷಣೆ

ಅಂಗಗಳ ಚಲನೆಯೊಂದಿಗೆ ಸ್ಪರ್ಶ, ನೋವು ಹಾಗೂ ಬಿಸಿಯ ಅರಿವನ್ನೂ ಕಳೆದುಕೊಂಡ ಮಕ್ಕಳಲ್ಲಿ ಹುಣ್ಣು, ಸುಟ್ಟಗಾಯಗಳಾಗದಂತೆ ವಹಿಸುವ ನಿತ್ಯದ ಎಚ್ಚರಿಕೆಯನ್ನು ಚರ್ಮರಕ್ಷಣೆ ಎನ್ನುತ್ತಾರೆ. ಇಂತಹ ಮಕ್ಕಳಲ್ಲಿ ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮತ್ತು ಕೈಗಳು ಮಾಡಬೇಕಾಗುತ್ತದೆ.

ಕಾರಣಗಳು

ಬೆನ್ನುಹುರಿಯ ಪೆಟ್ಟು, ಗೆಡ್ಡೆ ಹಾಗೂ ಹುಟ್ಟಿನಿಂದ ಬರುವ ಸ್ಪೈನಾ ಬೈಫಿಡಾ ಈ ಸ್ಥಿತಿಯ ಮುಖ್ಯ ಕಾರಣಗಳು. ಪೋಲಿಯೊದಲ್ಲಿ ಸ್ನಾಯುಗಳು ಸೋತರೂ ಸ್ಪರ್ಶಜ್ಞಾನ ಉಳಿದಿರುತ್ತದೆ. ಆರೋಗ್ಯವಂತ ಮಗು ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತದೆ. ಅರಿವಿಲ್ಲದ ಭಾಗದ ಮೇಲೆ ಭಾರ ಬಹಳ ಹೊತ್ತು ಬಿದ್ದರೆ ರಕ್ತಸಂಚಾರ ಕುಂದಿ ಒತ್ತಡದ ಹುಣ್ಣು ಉಂಟಾಗುತ್ತದೆ. ಪೃಷ್ಠ, ಸೊಂಟದ ಬದಿ, ಹಿಮ್ಮಡಿಗಳಲ್ಲಿ ಇದು ಹೆಚ್ಚು. ತೆವಳುವ ಮಕ್ಕಳಲ್ಲಿ ಮೊಣಕಾಲು, ಪಾದದ ಮೇಲ್ಭಾಗ ಸವೆಯುತ್ತವೆ. ಮಲಮೂತ್ರದ ತೇವ ಚರ್ಮವನ್ನು ಮೆದುಗೊಳಿಸಿ ಅಪಾಯವನ್ನು ಹೆಚ್ಚಿಸುತ್ತದೆ.

ಪರೀಕ್ಷೆ

ದಿನಕ್ಕೆರಡು ಬಾರಿ ಚರ್ಮವನ್ನು ನೋಡಬೇಕು. ಕಾಣದ ಭಾಗಗಳಿಗೆ ಕನ್ನಡಿ ಬೇಕು. ಭಾರ ತೆಗೆದ ಅರ್ಧ ಗಂಟೆಯ ನಂತರವೂ ಉಳಿಯುವ ಕೆಂಪು ಮೊದಲ ಎಚ್ಚರಿಕೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿ, ಗಡಸುತನ, ಬಾವು, ಬಣ್ಣದ ವ್ಯತ್ಯಾಸಗಳನ್ನು ಮುಟ್ಟಿ ತಿಳಿಯಬೇಕು. ಅಂತಹ ಜಾಗವನ್ನು ತಿಕ್ಕಬಾರದು. ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಚರ್ಮ ಒಡೆದರೆ, ದುರ್ವಾಸನೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನಿತ್ಯದ ಕ್ರಮಗಳು

ಮಲಗಿರುವ ಮಗುವಿನ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸುತ್ತಾರೆ. ಗಾಲಿಕುರ್ಚಿಯಲ್ಲಿರುವ ಮಗು 15ರಿಂದ 30 ನಿಮಿಷಗಳಿಗೊಮ್ಮೆ ಕೈಯೂರಿ ಮೈಯೆತ್ತಬೇಕು ಅಥವಾ ಮುಂದಕ್ಕೆ ಬಾಗಬೇಕು. ನಡುವೆ ತೂತಿರುವ ಉಂಗುರದಾಕಾರದ ದಿಂಬು ಸುತ್ತಲಿನ ಚರ್ಮವನ್ನು ಒತ್ತುವುದರಿಂದ ಅದು ಹಿತಕರವಲ್ಲ. ಅರಳೆಯ ಹಾಸಿಗೆ ಗಂಟುಗಟ್ಟಿದರೆ ಭಾರ ಒಂದೆಡೆ ಸೇರುತ್ತದೆ. ಸ್ನಾನದ ನೀರಿನ ಬಿಸಿಯನ್ನು ದೊಡ್ಡವರು ಮೊಣಕೈಯಿಂದ ನೋಡಬೇಕು. ಸ್ಕೂಟರಿನ ಸೈಲೆನ್ಸರ್, ಬಿಸಿನೀರಿನ ಚೀಲ, ಬಿಸಿಲಿಗೆ ಕಾದ ದೇವಾಲಯದ ಅಂಗಳದ ಕಲ್ಲುಗಳು ಅರಿವಿಲ್ಲದೆ ಸುಡಬಲ್ಲವು. ಶೂ, ಕ್ಯಾಲಿಪರ್ ತೊಡಿಸುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮಡಿಕೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಶಾಲೆ

ಆಳವಾದ ಹುಣ್ಣು ಮಾಯಲು ತಿಂಗಳುಗಳು ಹಿಡಿಯುತ್ತವೆ. ಅಷ್ಟು ಕಾಲ ಕೂರಲಾಗದ ಮಗು ಶಾಲೆಯಿಂದ ದೂರವಾಗುತ್ತದೆ. ತರಗತಿಯಲ್ಲಿ ಮೈಯೆತ್ತಲು, ಬಟ್ಟೆ ಬದಲಿಸಲು ಅವಕಾಶವಿರಬೇಕು. ಮಗು ಬೆಳೆದಂತೆ ಪರೀಕ್ಷೆಯ ಹೊಣೆಯನ್ನು ಹಂತಹಂತವಾಗಿ ಅದಕ್ಕೇ ಕಲಿಸಲಾಗುತ್ತದೆ.

ಬೆಂಗಳೂರಿನಲ್ಲಿ

ಕಾಟನ್‌ಪೇಟೆಗೆ ಸಮೀಪದ ಕೋಟೆ ಪ್ರದೇಶದಲ್ಲಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ ಮಹಿಳೆಯರು ಹಾಗೂ ಮಕ್ಕಳಿಗೆ ಮೀಸಲಾಗಿದೆ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ. ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯು ಬೆನ್ನುಹುರಿಯ ಪೆಟ್ಟಿಗೆ ಒಳಗಾದವರ ಪುನರ್ವಸತಿಯಲ್ಲಿ ತೊಡಗಿದೆ.