ಐದೇ ಜನ ಕೇಳಿದ ಭಾಷಣ

ಸ್ತನ ಕ್ಯಾನ್ಸರಿನ ವರದಿಯಲ್ಲಿ ‘ಇ.ಆರ್. ಪಾಸಿಟಿವ್’ ಎಂಬ ಮಾತು ಓದಿದ್ದೀರಾ? ಅದರ ಹಿಂದೆ 1958ರ ಒಂದು ಭಾಷಣವಿದೆ. ವಿಯೆನ್ನಾದ ಜೀವರಸಾಯನ ಸಮ್ಮೇಳನದಲ್ಲಿ ಷಿಕಾಗೋದ ಎಲ್ವುಡ್ ಜೆನ್ಸನ್ ಮಾತಾಡಿದಾಗ ಸಭೆಯಲ್ಲಿದ್ದವರು ಐವರು. ಅವರಲ್ಲೂ ಮೂವರು ತಮ್ಮ ಸರದಿಗೆ ಕಾದಿದ್ದ ಭಾಷಣಕಾರರು! ನಮ್ಮ ಕನ್ನಡ ಕಾರ್ಯಕ್ರಮಕ್ಕೇ ಇದಕ್ಕಿಂತ ಹೆಚ್ಚು ಕೇಳುಗರಿದ್ದೀರಿ.

ಹಾರ್ಮೋನು ಜೀವಕೋಶದಲ್ಲಿ ರಾಸಾಯನಿಕವಾಗಿ ಬದಲಾಗಿ ಕೆಲಸ ಮಾಡುತ್ತದೆ ಎಂಬುದು ಆಗಿನ ನಂಬಿಕೆ. ಜೆನ್ಸನ್ ಈಸ್ಟ್ರೋಜನ್ನಿಗೆ ವಿಕಿರಣ ಸೂಸುವ ಜಲಜನಕ ಸೇರಿಸಿ ಇಲಿಗಳಿಗೆ ಕೊಟ್ಟರು. ಗರ್ಭಕೋಶ ಅದನ್ನು ಹಿಡಿದಿಟ್ಟುಕೊಂಡಿತು. ಹಾರ್ಮೋನು ಮಾತ್ರ ಇದ್ದ ಹಾಗೇ ಇತ್ತು. ಹಿಡಿದದ್ದು ಒಂದು ಪ್ರೋಟೀನು, ಅದೇ ಗ್ರಾಹಕ. ಹಾರ್ಮೋನು ಬಂದು ಕೂಡಿದೊಡನೆ ಅದು ಕೋಶಕೇಂದ್ರದ ಡಿ.ಎನ್.ಎ.ಗೆ ಅಂಟಿ ಜೀನುಗಳನ್ನು ಎಬ್ಬಿಸುತ್ತದೆ, ಕೋಶ ಬೆಳೆಯುತ್ತದೆ. ಗಡ್ಡೆಯ ಕೋಶವೂ ಅಷ್ಟೆ.

ಆ ಕಾಲದಲ್ಲಿ ರೋಗ ಹರಡಿದ ಹೆಂಗಸರ ಅಂಡಾಶಯ, ಅಡ್ರಿನಲ್ ಗ್ರಂಥಿಗಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಗುಣ ಕಂಡವರು ಸುಮಾರು ಮೂವರಲ್ಲಿ ಒಬ್ಬರು. ಉಳಿದಿಬ್ಬರಿಗೆ ನೋವೇ ಲಾಭ. ಗಡ್ಡೆಯಲ್ಲಿ ಗ್ರಾಹಕ ಇದೆಯೇ ಎಂದು ಮೊದಲೇ ನೋಡುವ ಪರೀಕ್ಷೆ ಆ ಸಂಕಟ ತಪ್ಪಿಸಿತು. ಅಮೆರಿಕದಲ್ಲಿ 1977ರಲ್ಲಿ ಅನುಮತಿ ಪಡೆದ ಟಮಾಕ್ಸಿಫೆನ್ ಮಾತ್ರೆ, ಗ್ರಾಹಕದಲ್ಲಿ ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ವರದಿ ‘ನೆಗೆಟಿವ್’ ಎಂದಿದ್ದರೆ ಚಿಕಿತ್ಸೆಯ ದಾರಿ ಬೇರೆ.

ಜೆನ್ಸನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಸಿಕ್ಕಿದ್ದು 2004ರಲ್ಲಿ, 84ನೇ ವಯಸ್ಸಿನಲ್ಲಿ.