ರೋಗಿಯ ಜೊತೆಗೆ ಬಂದವರು

ಮನೋಚಿಕಿತ್ಸೆಯ ಕಥೆಯನ್ನು ಈಚೆಗೆ ಎಲ್ಲರೂ ಒಂದೇ ಕ್ರಮದಲ್ಲಿ ಹೇಳುತ್ತಾರೆ. ವಿಯೆನ್ನಾದ ಫ್ರಾಯ್ಡ್‌ನಿಂದ ಶುರು, ಅಮೆರಿಕದ ಆರನ್ ಬೆಕ್ ರೂಪಿಸಿದ ಸಿಬಿಟಿ (ಅರಿವು-ವರ್ತನೆ ಚಿಕಿತ್ಸೆ), ಕೊನೆಗೆ ಮೊಬೈಲ್ ಆ್ಯಪ್. ನಡುವೆ ಅಮೃತಸರವೂ ಇಲ್ಲ, ಬೆಂಗಳೂರೂ ಇಲ್ಲ. ಮಾತಿನ ಚಿಕಿತ್ಸೆ ನಮ್ಮ ಜನಕ್ಕೆ ಒಗ್ಗದು, ಮಾತ್ರೆಯೇ ಸಾಕು ಎಂಬ ನಂಬಿಕೆ ಬೆಳೆದದ್ದೂ ಈ ಅರೆಬರೆ ಚರಿತ್ರೆಯಿಂದಲೇ.

ಭಾರತದ ಕಥೆಯ ಮೊದಲ ಘಟ್ಟವನ್ನು ಬೇಗ ದಾಟಬಹುದು. ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್‌ಗೆ ಪತ್ರ ಬರೆದು, ತಮಗೆ ಒಪ್ಪಿಗೆಯಾಗದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆದರೆ ಆ ಪದ್ಧತಿ ಓದಿದ ನಗರವಾಸಿಗಳ ವಲಯ ದಾಟಲಿಲ್ಲ.

ತಿರುವು ಬಂದದ್ದು 1950ರ ದಶಕದಲ್ಲಿ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ಆರೈಕೆ ಕಲಿತ ಮನೆಯವರ ಭಯ ಇಳಿಯಿತು, ರೋಗಿಯನ್ನು ಮರಳಿ ಕರೆದೊಯ್ಯುವುದು ಸುಲಭವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ (ಸಿಎಂಸಿ) ಅದೇ ಹಾದಿ ಹಿಡಿಯಿತು. ಸಿಬ್ಬಂದಿ ಸಾಲದ್ದಕ್ಕೆ ಕಂಡುಕೊಂಡ ಉಪಾಯವೆಂದು ಇದನ್ನು ಬದಿಗೆ ಸರಿಸುವವರಿದ್ದಾರೆ. ಅದು ಅನ್ಯಾಯದ ಮಾತು.

ಬೆಂಗಳೂರಿನಲ್ಲಿ 1954ರಲ್ಲಿ ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಕುಟುಂಬ ಮನೋವೈದ್ಯ ಕೇಂದ್ರದಲ್ಲಿ ಇಡೀ ಕುಟುಂಬವೇ ಬಂದು ತಂಗುತ್ತದೆ. ಈ ಬಗೆಯ ಚಿಕಿತ್ಸೆಯ ಮೊದಲ ಭೇಟಿ ಹೇಗಿರುತ್ತದೆಂಬುದನ್ನು ಬಲ್ಲವರು ಬಲ್ಲರು. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. "ಅವಳಿಗೇನಿಲ್ಲ ಡಾಕ್ಟ್ರೇ, ನಿದ್ದೆ ಬಂದ್ರೆ ಸಾಕು." ಚಿಕಿತ್ಸಕರು ವಾದಕ್ಕಿಳಿಯುವುದಿಲ್ಲ. ಮಗನ ಕಡೆ ತಿರುಗಿ, "ನಿಮ್ಮ ಹೆಂಡ್ತಿ ಅತ್ತಾಗ ಮನೇಲಿ ಮೊದಲು ಯಾರು ಎದ್ದು ಹೋಗ್ತಾರೆ?" ಎಂದು ಕೇಳುತ್ತಾರೆ. ಆಗ ಆವರಿಸುವ ಮೌನದಲ್ಲಿ ಕಾಯಿಲೆ ಒಬ್ಬಳ ತಲೆಯೊಳಗಿನಿಂದ ಮನೆಯ ನಡುವೆ ಬಂದು ಕೂರುತ್ತದೆ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗೆ ಮಾತ್ರೆ ಬೇಕೇ ಬೇಕು. ಆದರೆ ಮಾತ್ರೆಯನ್ನು ಯಾರು, ಯಾವ ಮಾತಿನೊಡನೆ ಕೊಡುತ್ತಾರೆ ಎಂಬುದೂ ಚಿಕಿತ್ಸೆಯ ಭಾಗ. ಲಂಡನ್ ಮತ್ತು ಚಂಡೀಗಢದ ಕುಟುಂಬಗಳನ್ನು ಹೋಲಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮೇಲಿನ ಟೀಕೆ ಚಂಡೀಗಢದಲ್ಲಿ ಕಡಿಮೆ ಕಂಡಿತ್ತು.

ನಿಮ್ಹಾನ್ಸ್ ರೂಪುಗೊಂಡ ಕಾಲದ ಇನ್ನೊಂದು ದೊಡ್ಡ ಕೆಲಸ ಕರಾವಳಿಯದು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕೋಟ ಗ್ರಾಮವನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ನರಳುವ ಜನ ಮಂತ್ರವಾದಿಯ ಬಳಿಗೂ ಡಾಕ್ಟರ ಬಳಿಗೂ ಹೋಗುತ್ತಿದ್ದುದನ್ನು ಅವರು ಮೂಢನಂಬಿಕೆ ಎಂದು ತಳ್ಳಿಹಾಕದೆ ಅರ್ಥಮಾಡಿಕೊಳ್ಳಲು ಹೊರಟರು. ಅದೇ 1976ರಲ್ಲಿ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯದ ಕನ್ನಡ ಪುಸ್ತಕಕ್ಕೆ ಅಂಥ ಮನ್ನಣೆ ಸಿಕ್ಕ ಕಾಲ ಅದು.

ಮುಂದಿನದು ಚುಟುಕು ಚಿಕಿತ್ಸೆಗಳ ಕಾಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಆರೆಂಟು ಭೇಟಿಗಳಲ್ಲಿ ಖಿನ್ನತೆಗೆ ನೆರವಾಗಬಲ್ಲರೆಂದು ವಿಕ್ರಮ್ ಪಟೇಲ್ ತಂಡ ತೋರಿಸಿತು. ಅದು ನಿಜವಾದ ಸಾಧನೆ. ಆದರೆ ಬಾಲ್ಯದ ದೌರ್ಜನ್ಯ, ಮತ್ತೆ ಮತ್ತೆ ಕೈ ಕೊಯ್ದುಕೊಳ್ಳುವುದು, ಕುಡಿತ, ಮುರಿದ ಮದುವೆ ಎಲ್ಲವೂ ಒಬ್ಬರಲ್ಲೇ ಹೆಣೆದುಕೊಂಡಾಗ ಆರೆಂಟು ಭೇಟಿ ಸಾಲದು. ಇಂಥವರಿಗೆಂದೇ ಮಾರ್ಷಾ ಲೈನಹನ್ ರೂಪಿಸಿದ ಡಿಬಿಟಿಯ (ಡಯಲೆಕ್ಟಿಕಲ್ ವರ್ತನಾ ಚಿಕಿತ್ಸೆ) ಪೂರ್ಣ ಕ್ರಮದಲ್ಲಿ ವಾರಕ್ಕೊಂದು ವೈಯಕ್ತಿಕ ಭೇಟಿ, ಒಂದು ಗುಂಪು ತರಗತಿ, ಚಿಕಿತ್ಸಕರದೇ ಸಮಾಲೋಚನಾ ತಂಡ ಎಲ್ಲವೂ ಇವೆ. ಆ್ಯಪ್‌ಗಳ ಜಾಹೀರಾತು ಇಷ್ಟು ಶ್ರಮದ ಸುದ್ದಿ ಎತ್ತುವುದಿಲ್ಲ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92. ಈ ಕೊರತೆಯನ್ನು ಡಾಕ್ಟರುಗಳ ಸಂಖ್ಯೆಯಲ್ಲಷ್ಟೇ ಅಳೆಯುತ್ತೇವೆ. ಹಳ್ಳಿಯ ರೋಗಿಯ ಜೊತೆ ಅಣ್ಣ ಹದಿನೈದು ದಿನ ಬೆಂಗಳೂರಿನಲ್ಲಿ ನಿಂತರೆ ಅವನ ಕೂಲಿ ಹೋಗುತ್ತದೆ, ಆ ಲೆಕ್ಕ ಯಾರ ಕಡತದಲ್ಲೂ ಇರುವುದಿಲ್ಲ. ಚಿಕಿತ್ಸೆಯ ಮಾತು ಕನ್ನಡದಲ್ಲಿ ನಡೆದರೂ ಟಿಪ್ಪಣಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಹಾಗಾಗಿ ಆ ಅತ್ತೆ, ಸೊಸೆಯರ ಸಂಭಾಷಣೆ ಹೊಸ ಚಿಕಿತ್ಸಕರಿಗೆ ಪಾಠವಾಗಿ ದಾಟುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮನೆಯವರೊಡನೆ ಒಂದು ಗಂಟೆ ಕೂರಲು ಒಬ್ಬ ಕನ್ನಡ ಬಲ್ಲ ಚಿಕಿತ್ಸಕರನ್ನೂ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನೂ ಕೊಡುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ.